ಬಿಸಿಯಾದ ಮೇಲೆ ಮಾತ್ರ ಸ್ಲಿಪ್ ಆಗುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಕಾರಿನ ಮಾಲೀಕರು

ಎಲ್ಲರಿಗೂ ನಮಸ್ಕಾರ. ನನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ, ಆರು ಗೇರಿನ ಆಟೋಮ್ಯಾಟಿಕ್ ಪೆಟ್ರೋಲ್ ಕಾರು. ಬೆಳಿಗ್ಗೆ ಹೊರಟಾಗ ಗೇರುಗಳು ಮೊದಲಿನಷ್ಟೇ ನಯವಾಗಿ ಬೀಳುತ್ತವೆ. ಅರ್ಧ ಗಂಟೆ ಓಡಿಸಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾಯಿತೆಂದರೆ, ಎರಡರಿಂದ ಮೂರಕ್ಕೆ ಹೋಗುವ ಹೊತ್ತಿನಲ್ಲಿ ಆರ್‌ಪಿಎಂ ಮುಳ್ಳು ಏಕಾಏಕಿ ಮೇಲೇರುತ್ತದೆ, ಕ್ಷಣಕಾಲ ಕಾರಿಗೆ ಎಳೆತವೇ ಇರುವುದಿಲ್ಲ, ಆಮೇಲೆ ಧಡಕ್ಕನೆ ಮೂರನೇ ಗೇರ್ ಹಿಡಿಯುತ್ತದೆ. ರಿವರ್ಸ್ ಹಾಕಿದರೆ ಎರಡು ಮೂರು ಸೆಕೆಂಡು ಕಾಯಬೇಕಾಗುತ್ತದೆ. ಒಮ್ಮೆ ಎಚ್ಚರಿಕೆಯ ದೀಪ ಹೊತ್ತಿಕೊಂಡು ಕಾರು ಒಂದೇ ಗೇರಿನಲ್ಲಿ ನಿಂತುಬಿಟ್ಟಿತು. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದ ಮೇಲೆ ಸರಿಯಾಯಿತು.

ಸಣ್ಣ ಸ್ಕ್ಯಾನರ್ ಹಾಕಿ ನೋಡಿದರೆ ಪಿ0700 ಎಂಬ ಒಂದೇ ಕೋಡ್ ಬಂದಿದೆ. ವರ್ಕ್‌ಶಾಪಿನಲ್ಲಿ ಏನನ್ನೂ ಬಿಚ್ಚದೆ, ಒಂದು ಸುತ್ತು ಓಡಿಸಿ ಬಂದು, ಇಡೀ ಗೇರ್‌ಬಾಕ್ಸ್ ಬದಲಾಯಿಸಬೇಕು ಎಂದು ಹೇಳಿದ್ದಾರೆ. ಅವರ ಮಾತು ನಿಜವೇ ಇರಬಹುದು. ಆದರೆ ಯಾವ ಪರೀಕ್ಷೆಯ ಆಧಾರದ ಮೇಲೆ ಆ ತೀರ್ಮಾನಕ್ಕೆ ಬರಬೇಕು ಎಂಬುದು ತಿಳಿದರೆ ಒಪ್ಪಿಕೊಳ್ಳುವುದು ಸುಲಭ. ತಿಳಿದವರು ದಯವಿಟ್ಟು ವಿವರಿಸಬೇಕು.

ಗೇರ್‌ಬಾಕ್ಸ್ ರಿಪೇರಿಯವರು

ಸರ್, ನೀವು ಕೊಟ್ಟ ವಿವರ ತುಂಬಾ ಉಪಯುಕ್ತವಾಗಿದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತೊಂದರೆ ಎಂಬ ಒಂದು ಮಾತೇ ಅರ್ಧ ದಾರಿ ತೋರಿಸುತ್ತದೆ. ಆಯಿಲ್ ಬಿಸಿಯಾದಷ್ಟೂ ತೆಳುವಾಗುತ್ತದೆ. ಎಲ್ಲಾದರೂ ಒಳಗೆ ಸೋರಿಕೆ ಇದ್ದರೆ ಆಗ ಹೆಚ್ಚಾಗಿ, ಗೇರನ್ನು ಹಿಡಿದಿಡುವ ಒಳಗಿನ ಕ್ಲಚ್ಚಿಗೆ ಹೋಗಬೇಕಾದ ಪ್ರೆಶರ್ ಬೀಳುತ್ತದೆ. ಸುರುಳಿಯಲ್ಲಿ ದೋಷವಿರುವ ಸೊಲೆನಾಯ್ಡ್‌ಗಳು (ಆಯಿಲಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವುಗಳು) ಕೈಕೊಡುವುದೂ ಹೆಚ್ಚಾಗಿ ಬಿಸಿಯಲ್ಲೇ. ಇದಕ್ಕೆ ತದ್ವಿರುದ್ಧವಾಗಿ, ಬೆಳಿಗ್ಗೆ ಮೊದಲ ಕೆಲವು ನಿಮಿಷ ಮಾತ್ರ ಗೇರ್ ಹಿಡಿಯುವುದು ತಡವಾಗಿ ಆಮೇಲೆ ಸರಿಹೋಗುವ ಗೇರ್‌ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ಸೀಲುಗಳು ಗಟ್ಟಿಯಾಗಿರುತ್ತವೆ, ಇಲ್ಲವೇ ನಿಂತಾಗ ಟಾರ್ಕ್ ಕನ್ವರ್ಟರಿನ ಆಯಿಲ್ ಕೆಳಗಿಳಿದಿರುತ್ತದೆ.

ಪಿ0700 ಎಂಬುದನ್ನು ರೋಗದ ಹೆಸರೆಂದು ತಿಳಿಯಬೇಡಿ. ಗೇರ್‌ಬಾಕ್ಸಿನ ಕಂಪ್ಯೂಟರ್ ತನ್ನಲ್ಲಿ ಏನೋ ದೋಷ ದಾಖಲಾಗಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಸಿ, ಎಚ್ಚರಿಕೆಯ ದೀಪ ಹೊತ್ತಿಸಲು ಕೇಳಿಕೊಂಡಿದೆ ಎಂಬುದಷ್ಟೇ ಅದರ ಅರ್ಥ. ನಿಜವಾದ ಕೋಡ್ ಗೇರ್‌ಬಾಕ್ಸ್ ಕಂಪ್ಯೂಟರಿನ ಒಳಗಿದೆ. ಎಂಜಿನ್ ಕೋಡುಗಳನ್ನು ಮಾತ್ರ ಓದುವ ಸಣ್ಣ ಸ್ಕ್ಯಾನರುಗಳಿಗೆ ಅದು ಸಿಗುವುದಿಲ್ಲ. ಟ್ರಾನ್ಸ್‌ಮಿಷನ್ ಮಾಡ್ಯೂಲನ್ನು ಓದಬಲ್ಲ ಸ್ಕ್ಯಾನರ್ ಇರುವವರ ಬಳಿ ಹೋಗಿ, ಕೋಡುಗಳನ್ನು ಅಳಿಸುವ ಮೊದಲೇ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದಾಗ ಆಯಿಲ್ ಎಷ್ಟು ಡಿಗ್ರಿ ಇತ್ತು, ಯಾವ ಗೇರಿತ್ತು, ವೇಗ ಎಷ್ಟಿತ್ತು ಎಂಬ ಮಾಹಿತಿಯೂ ಅದರ ಜೊತೆಗೇ ಉಳಿದಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಮೊದಲು ಅಳಿಸಿ, ಮತ್ತೆ ಬರುತ್ತದೋ ನೋಡೋಣ ಎನ್ನುವ ಅಭ್ಯಾಸದಿಂದ ಎಷ್ಟೋ ಒಳ್ಳೆಯ ಸಾಕ್ಷ್ಯ ಕಳೆದುಹೋಗಿರುವುದನ್ನು ಕಂಡಿದ್ದೇನೆ.

ಇನ್ನು ಆಯಿಲ್. ನಿಮ್ಮ ಕಾರಿನಲ್ಲಿ ಡಿಪ್‌ಸ್ಟಿಕ್ ಇರುವುದು ಅನುಮಾನ. ಕಾರನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಎಲ್ಲ ಗೇರ್ ಸ್ಥಾನಗಳಿಗೂ ಲಿವರನ್ನು ಒಮ್ಮೆ ಒಯ್ದು ಪಾರ್ಕಿಗೆ ತಂದು, ಆಯಿಲ್ ತಯಾರಕರು ಹೇಳಿದ ಉಷ್ಣಾಂಶದಲ್ಲಿರುವಾಗ ಲೆವೆಲ್ ಪ್ಲಗ್ ಬಿಚ್ಚಬೇಕು. ಹಲವು ಗೇರ್‌ಬಾಕ್ಸುಗಳಿಗೆ ಅದು 30ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಸಣ್ಣ ಎಳೆಯಾಗಿ ಆಯಿಲ್ ಹೊರಬಂದರೆ ಮಟ್ಟ ಸರಿಯಾಗಿದೆ ಎಂದರ್ಥ. ಎಂಜಿನ್ ಆರಿಸಿ ನೋಡಿದರೆ ಅಥವಾ ಆಯಿಲ್ ಕುದಿಯುವಷ್ಟು ಬಿಸಿ ಇರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್ ಆರಿಸಿಯೇ ನೋಡಬೇಕಾದ ಗೇರ್‌ಬಾಕ್ಸುಗಳೂ ಇವೆ. ಆದ್ದರಿಂದ ನಿಮ್ಮ ಕಾರಿನ ರಿಪೇರಿ ಕೈಪಿಡಿಯ ಮಾತೇ ಕೊನೆಯದು.

ಬಂದ ಆಯಿಲನ್ನು ಬಿಳಿ ಕಾಗದದ ಮೇಲೆ ಎರಡು ಹನಿ ಹಾಕಿ ನೋಡಿ, ಮೂಸಿ ನೋಡಿ. ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ವಯಸ್ಸು. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟಿನ ಲೈನಿಂಗ್ ಸುಟ್ಟಿದೆ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣವಾಗಿದ್ದರೆ ರೇಡಿಯೇಟರಿನೊಳಗಿನ ಆಯಿಲ್ ಕೂಲರ್ ಒಡೆದು ಕೂಲಂಟ್ ಸೇರಿದೆ, ಆಗ ಒಂದು ಕಿಲೋಮೀಟರ್ ಕೂಡ ಓಡಿಸಬಾರದು.

ಆಟೋ ಎಲೆಕ್ಟ್ರಿಷಿಯನ್

ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಯಾವ ಗೇರ್ ಯಾವಾಗ ಹಾಕಬೇಕು, ಎಷ್ಟು ಪ್ರೆಶರ್ ಕೊಡಬೇಕು ಎಂಬುದನ್ನು ಹೊರಗಿನ ಮಾಹಿತಿ ನಂಬಿ ತೀರ್ಮಾನಿಸುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ, ಚಕ್ರಗಳು ಎಷ್ಟು ವೇಗದಲ್ಲಿವೆ, ಬ್ರೇಕ್ ಒತ್ತಿದ್ದೀರೋ ಇಲ್ಲವೋ ಎಂಬ ಸುದ್ದಿಯಲ್ಲಿ ಒಂದು ಸುಳ್ಳಾದರೂ ಗೇರ್ ಬದಲಾವಣೆ ಕೆಡುತ್ತದೆ. ಗಾಳಿಯ ಸೆನ್ಸರ್ ಕೊಳೆಯಾಗಿ ಕಡಿಮೆ ಲೆಕ್ಕ ಕೊಟ್ಟರೆ, ಎಂಜಿನ್ ಹೆಚ್ಚು ಶಕ್ತಿ ಕೊಡುತ್ತಿಲ್ಲ ಎಂದು ಭಾವಿಸಿ ಕಂಪ್ಯೂಟರ್ ಪ್ರೆಶರ್ ಕಡಿಮೆ ಇಡುತ್ತದೆ, ಕ್ಲಚ್ ಸ್ಲಿಪ್ ಆಗುತ್ತದೆ. ಗೇರ್‌ಬಾಕ್ಸಿನಲ್ಲಿ ತಪ್ಪೇ ಇಲ್ಲದೆ ಅದು ಶಿಕ್ಷೆ ಅನುಭವಿಸುವ ಸಂದರ್ಭ ಇದು.

ಬ್ಯಾಟರಿ ಮತ್ತು ಅರ್ಥಿಂಗ್ ನೋಡದೆ ಮುಂದೆ ಹೋಗಬೇಡಿ. ಎಂಜಿನ್ ಓಡುತ್ತಿರುವಾಗ, ದೀಪ, ಫ್ಯಾನ್, ಏಸಿ ಎಲ್ಲ ಹಾಕಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ಗೇರ್‌ಬಾಕ್ಸಿನ ಲೋಹದ ಮೇಲೂ ಇಟ್ಟರೆ 0.1 ವೋಲ್ಟಿನ ಆಸುಪಾಸಿನಲ್ಲಿ ಇರಬೇಕು. ಅರ್ಧ ವೋಲ್ಟ್ ಬಂತೆಂದರೆ ಅರ್ಥ್ ಪಟ್ಟಿ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಗೇರ್‌ಬಾಕ್ಸಿಗೆ ಹೋಗುವ ದೊಡ್ಡ ಕನೆಕ್ಟರನ್ನು ಬಿಚ್ಚಿ ಪಿನ್ನುಗಳ ನಡುವೆ ಆಯಿಲ್ ಇದೆಯೇ ಎಂದು ನೋಡಿ. ಕನೆಕ್ಟರಿನ ರಬ್ಬರ್ ಓ-ರಿಂಗ್ ಹಾಳಾದರೆ ಕೆಲವು ಕಾರುಗಳಲ್ಲಿ ಆಯಿಲ್ ವೈರುಗಳ ಒಳಗೇ ಏರಿ ಕಂಪ್ಯೂಟರ್ ತನಕ ತಲುಪುವುದುಂಟು.

ಸೊಲೆನಾಯ್ಡ್‌ಗಳ ಓಮ್ಸ್ ಅಳೆಯುವುದಾದರೆ ತಣ್ಣಗೆ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆಯಬೇಕು. ಪ್ರೆಶರ್ ನಿಯಂತ್ರಿಸುವ ಸೊಲೆನಾಯ್ಡ್‌ಗಳು ಬಹಳಷ್ಟು ಗೇರ್‌ಬಾಕ್ಸುಗಳಲ್ಲಿ ಐದು ಓಮ್ಸ್ ಆಸುಪಾಸಿನಲ್ಲಿರುತ್ತವೆ, ಬರೀ ಆನ್-ಆಫ್ ಆಗುವವು ಅದಕ್ಕಿಂತ ಸಾಕಷ್ಟು ಹೆಚ್ಚು. ಅಂಕಿಗಿಂತ ಮುಖ್ಯವಾದುದು ಹೋಲಿಕೆ. ಒಂದೇ ಬಗೆಯ ನಾಲ್ಕು ಸೊಲೆನಾಯ್ಡ್‌ಗಳಲ್ಲಿ ಮೂರು ಒಂದೇ ತೋರಿಸಿ ನಾಲ್ಕನೆಯದು ಬೇರೆ ತೋರಿಸಿದರೆ ಅಲ್ಲಿಗೆ ಗಮನ ಕೊಡಬೇಕು. ಓಮ್ಸ್ ಸರಿಯಿದ್ದ ಮಾತ್ರಕ್ಕೆ ಸೊಲೆನಾಯ್ಡ್ ಸರಿಯಿದೆ ಎಂದಲ್ಲ. ಒಳಗಿನ ವಾಲ್ವ್ ಕೊಳೆಯಿಂದ ಸಿಕ್ಕಿಕೊಂಡಿದ್ದರೆ ಮೀಟರಿಗೆ ಅದು ಕಾಣುವುದಿಲ್ಲ.

ಹೆದ್ದಾರಿಯಲ್ಲಿ ಓಡಾಡುವವರು

ಇದೇ ವಿಷಯವಾದ್ದರಿಂದ ಇಲ್ಲೇ ಕೇಳುತ್ತಿದ್ದೇನೆ. ನನ್ನ ಕಾರು 70 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ ಒಂದೆರಡು ಸೆಕೆಂಡು ಗಡಗಡ ನಡುಗುತ್ತದೆ. ಇದೂ ಕ್ಲಚ್ ಪ್ಲೇಟ್ ಸ್ಲಿಪ್ ಆಗುವುದರ ಲಕ್ಷಣವೇ?

ಗೇರ್‌ಬಾಕ್ಸ್ ರಿಪೇರಿಯವರು

ಅಮ್ಮಾ ಅಥವಾ ಸರ್, ನಿಮ್ಮದು ಬಹುಶಃ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್) ನಡುಕ. ಖಚಿತಪಡಿಸಿಕೊಳ್ಳಲು ಒಂದು ಸರಳ ದಾರಿಯಿದೆ. ಹಿಂದೆ ಮುಂದೆ ವಾಹನಗಳಿಲ್ಲದ ರಸ್ತೆಯಲ್ಲಿ, ನಡುಕ ಬರುತ್ತಿರುವಾಗಲೇ ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆಯದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ಚಿನ ಸಂಕೇತ ಸಿಕ್ಕ ಕೂಡಲೇ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ. ನಡುಕ ತಕ್ಷಣ ನಿಂತು, ಆರ್‌ಪಿಎಂ ತುಸು ಏರಿದರೆ ದೋಷ ಲಾಕಪ್ಪಿನಲ್ಲಿದೆ. ನಡುಕ ಹಾಗೇ ಮುಂದುವರಿದರೆ ಸ್ಪಾರ್ಕ್ ಪ್ಲಗ್, ಕಾಯಿಲ್, ಡ್ರೈವ್ ಶಾಫ್ಟ್, ಎಂಜಿನ್ ಮೌಂಟಿಂಗ್ ಕಡೆ ನೋಡಿ. ಎಂಜಿನ್ ಮಿಸ್‌ಫೈರ್ ಆಗುವುದನ್ನು ಗೇರ್‌ಬಾಕ್ಸಿನ ದೋಷವೆಂದು ತಿಳಿಯುವವರು ಬಹಳ ಮಂದಿ. ಲಾಕಪ್ ನಡುಕ ಶುರುವಿನಲ್ಲೇ ಗೊತ್ತಾದರೆ, ತಯಾರಕರು ಹೇಳಿದ ದರ್ಜೆಯ ಹೊಸ ಆಯಿಲಿನಿಂದಲೇ ಗುಣವಾಗುವ ಸಾಧ್ಯತೆ ಇದೆ.

ಕಾರಿನ ಮಾಲೀಕರು

ಹೇಳಿದಂತೆ ಮಾಡಿಸಿ ಬಂದಿದ್ದೇನೆ. ಟ್ರಾನ್ಸ್‌ಮಿಷನ್ ಮಾಡ್ಯೂಲಿನಲ್ಲಿ ಪಿ0733 ಮತ್ತು ಪಿ0735 ಎಂಬ ಎರಡು ಕೋಡುಗಳಿದ್ದವು. ಎರಡೂ ಬಿದ್ದಾಗ ಆಯಿಲ್ 90 ಡಿಗ್ರಿಗಿಂತ ಹೆಚ್ಚು ಬಿಸಿ ಇತ್ತು. ಆಯಿಲ್ ಮಟ್ಟ ಸರಿಯಿದೆ. ಬಣ್ಣ ಗಾಢ ಕಂದು, ಸುಟ್ಟ ವಾಸನೆ ಇಲ್ಲ. ಬ್ಯಾಟರಿ, ಅರ್ಥ್ ಪಟ್ಟಿ, ಕನೆಕ್ಟರ್ ಎಲ್ಲವೂ ಸರಿಯಿವೆ. ಗಮನವಿಟ್ಟು ಓಡಿಸಿದಾಗ ನಾಲ್ಕರಿಂದ ಐದಕ್ಕೆ ಹೋಗುವಾಗಲೂ ಆರ್‌ಪಿಎಂ ಸ್ವಲ್ಪ ಏರುವುದು ಗೊತ್ತಾಯಿತು. ಮೂರರಿಂದ ನಾಲ್ಕಕ್ಕೆ ಮತ್ತು ಐದರಿಂದ ಆರಕ್ಕೆ ಹೋಗುವಾಗ ಹಾಗೆ ಆಗುವುದೇ ಇಲ್ಲ.

ಗೇರ್‌ಬಾಕ್ಸ್ ರಿಪೇರಿಯವರು

ನೀವು ಗಮನಿಸಿದ ಕೊನೆಯ ಸಂಗತಿಯೇ ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬೇರೆ ಗೇರ್‌ಬಾಕ್ಸುಗಳಿಗೂ ಇದೇ ವಿಧಾನ ಅನ್ವಯಿಸುತ್ತದೆ.

ಪಿ0733 ಎಂದರೆ ಮೂರನೇ ಗೇರಿನ ಅನುಪಾತ ತಪ್ಪಿದೆ ಎಂದು, ಪಿ0735 ಎಂದರೆ ಐದನೆಯದು ತಪ್ಪಿದೆ ಎಂದು. ಕಂಪ್ಯೂಟರ್ ಇದನ್ನು ಎರಡು ಸ್ಪೀಡ್ ಸೆನ್ಸರುಗಳಿಂದ ಲೆಕ್ಕ ಹಾಕುತ್ತದೆ. ಟಾರ್ಕ್ ಕನ್ವರ್ಟರಿನಿಂದ ಒಳಗೆ ಬರುವ ಶಾಫ್ಟಿನ ಸುತ್ತನ್ನು, ಅಂದರೆ ಟರ್ಬೈನ್ ಸ್ಪೀಡನ್ನು, ಹೊರಗೆ ಹೋಗುವ ಶಾಫ್ಟಿನ ಸುತ್ತಿನಿಂದ ಭಾಗಿಸಿದರೆ ಗೇರಿನ ಅನುಪಾತ ಬರಬೇಕು. ಮೂರನೇ ಗೇರಿನ ಅನುಪಾತ 1.52 ಎಂದಿಟ್ಟುಕೊಳ್ಳಿ. ಔಟ್‌ಪುಟ್ ಶಾಫ್ಟ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಟರ್ಬೈನ್ 2,280 ತಿರುಗಬೇಕು. ಸ್ಕ್ಯಾನರಿನಲ್ಲಿ 2,700 ಕಂಡರೆ ಮಿಕ್ಕ 420 ಸುತ್ತು ಕ್ಲಚ್ಚಿನಲ್ಲಿ ಜಾರಿಹೋಗುತ್ತಿದೆ. ಆರ್‌ಪಿಎಂ ಏರಿದಾಗ ಟರ್ಬೈನ್ ಸ್ಪೀಡ್ ಕೂಡ ಏರಿತೇ ಎಂದು ನೋಡುವುದು ಅತ್ಯಗತ್ಯ. ಎಂಜಿನ್ ಮಾತ್ರ ಏರಿ ಟರ್ಬೈನ್ ಏರದಿದ್ದರೆ ಜಾರುತ್ತಿರುವುದು ಟಾರ್ಕ್ ಕನ್ವರ್ಟರ್, ಗೇರಿನ ಕ್ಲಚ್ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಒಂದೊಂದು ಗೇರಿಗೆ ಒಂದೊಂದು ಕ್ಲಚ್ ಇರುವುದಿಲ್ಲ. ಬಹು ಬಳಕೆಯಲ್ಲಿರುವ ಆರು ಗೇರಿನ ಒಂದು ವಿನ್ಯಾಸದಲ್ಲಿ ಎ, ಬಿ, ಸಿ, ಡಿ, ಇ ಎಂದು ಐದೇ ಕ್ಲಚ್-ಬ್ರೇಕುಗಳಿದ್ದು, ಯಾವುದೇ ಗೇರಿನಲ್ಲಿ ಎರಡು ಹಿಡಿದಿರುತ್ತವೆ. ಮೊದಲನೆಯದಕ್ಕೆ ಎ ಮತ್ತು ಡಿ, ಎರಡನೆಯದಕ್ಕೆ ಎ ಮತ್ತು ಸಿ, ಮೂರಕ್ಕೆ ಎ ಮತ್ತು ಬಿ, ನಾಲ್ಕಕ್ಕೆ ಎ ಮತ್ತು ಇ, ಐದಕ್ಕೆ ಬಿ ಮತ್ತು ಇ, ಆರಕ್ಕೆ ಸಿ ಮತ್ತು ಇ, ರಿವರ್ಸಿಗೆ ಬಿ ಮತ್ತು ಡಿ.

ನಿಮಗೆ ತೊಂದರೆ ಕೊಡುತ್ತಿರುವುದು ಮೂರು, ಐದು ಮತ್ತು ರಿವರ್ಸ್. ಈ ಮೂರು ಗೇರುಗಳಲ್ಲೂ ಸಾಮಾನ್ಯವಾಗಿರುವುದು ಬಿ ಕ್ಲಚ್ ಒಂದೇ. ಎ ಕ್ಲಚ್ ಸವೆದಿದ್ದರೆ ಒಂದರಿಂದ ನಾಲ್ಕರವರೆಗೆ ಎಲ್ಲೆಡೆ ಕಾಣಬೇಕಿತ್ತು. ಇ ಕ್ಲಚ್ ಹೋಗಿದ್ದರೆ ನಾಲ್ಕು ಮತ್ತು ಆರು ಕೂಡ ಕೆಡಬೇಕಿತ್ತು. ಪಂಪ್ ಅಥವಾ ಫಿಲ್ಟರ್ ಕೆಟ್ಟಿದ್ದರೆ ಎಲ್ಲ ಗೇರುಗಳಿಗೂ ಪ್ರೆಶರ್ ಕಡಿಮೆಯಾಗಬೇಕಿತ್ತು. ಮೂರರಿಂದ ನಾಲ್ಕಕ್ಕೆ ಹೋಗುವಾಗ ಬಿ ಬಿಡಬೇಕಷ್ಟೇ, ಹಿಡಿಯಬೇಕಾಗಿಲ್ಲ. ಅದಕ್ಕೇ ಅಲ್ಲಿ ತೊಂದರೆಯಿಲ್ಲ. ಐದರಿಂದ ಆರಕ್ಕೂ ಅದೇ ಕಾರಣ. ಇಡೀ ಗೇರ್‌ಬಾಕ್ಸ್ ಹೋಗಿದೆ ಎಂದು ಹೇಳುವಂಥ ಒಂದು ಸಾಕ್ಷ್ಯವೂ ನಿಮ್ಮ ವಿವರದಲ್ಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು.

ಬಿ ಕ್ಲಚ್ ಸರಿಯಾಗಿ ಹಿಡಿಯದಿರಲು ಮೂರು ಕಾರಣಗಳು ಸಾಧ್ಯ. ಪ್ಲೇಟುಗಳೇ ಸುಟ್ಟಿರಬಹುದು. ಪ್ಲೇಟ್ ಚೆನ್ನಾಗಿದ್ದು ಅದನ್ನು ಒತ್ತುವ ಆಯಿಲ್ ದಾರಿಯಲ್ಲಿ ಸೋರುತ್ತಿರಬಹುದು. ಅಥವಾ ಆಯಿಲನ್ನು ಅಳೆದು ಕೊಡುವ ಸೊಲೆನಾಯ್ಡ್ ಮತ್ತು ವಾಲ್ವ್ ಸರಿಯಾಗಿ ಕೆಲಸ ಮಾಡದಿರಬಹುದು. ಮೊದಲನೆಯದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಮಿಕ್ಕ ಎರಡರ ಬಹುಪಾಲು ಕೆಲಸ ಕೆಳಗಿನ ಪ್ಯಾನ್ ಬಿಚ್ಚಿ, ಸೊಲೆನಾಯ್ಡ್ ಮತ್ತು ವಾಲ್ವುಗಳಿರುವ ವಾಲ್ವ್ ಬಾಡಿ ಇಳಿಸಿದರೆ ಮುಗಿಯುತ್ತದೆ. ಸುಟ್ಟ ವಾಸನೆ ಇಲ್ಲದಿರುವುದು ನಿಮ್ಮ ಪಾಲಿಗೆ ಒಳ್ಳೆಯ ಸೂಚನೆ. ಸ್ಕ್ಯಾನರಿನಲ್ಲಿ ಪ್ರತಿ ಕ್ಲಚ್ಚಿನ ಅಡಾಪ್ಟೇಷನ್ (ಕಂಪ್ಯೂಟರ್ ತಾನೇ ಮಾಡಿಕೊಂಡ ಹೊಂದಾಣಿಕೆ) ಅಂಕಿಗಳನ್ನು ತೆಗೆಸಿ. ಕ್ಲಚ್ ಸವೆದಂತೆ ಅಥವಾ ಆಯಿಲ್ ಸೋರಿದಂತೆ ಕಂಪ್ಯೂಟರ್ ತಾನೇ ಪ್ರೆಶರ್ ಮತ್ತು ತುಂಬುವ ಸಮಯವನ್ನು ಹೆಚ್ಚಿಸಿ ಸರಿದೂಗಿಸುತ್ತಾ ಹೋಗುತ್ತದೆ, ಮಿತಿ ಮುಟ್ಟಿದ ಮೇಲೆ ಕೈಚೆಲ್ಲುತ್ತದೆ.

ಓದುಗರೊಬ್ಬರು

ಸ್ಟಾಲ್ ಟೆಸ್ಟ್ ಮಾಡಿದರೆ ಎಲ್ಲವೂ ಒಂದೇ ಸಲಕ್ಕೆ ಗೊತ್ತಾಗುತ್ತದಲ್ಲವೇ? ಬ್ರೇಕ್ ಒತ್ತಿ ಹಿಡಿದು, ಡಿ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಆರ್‌ಪಿಎಂ ಎಷ್ಟಕ್ಕೆ ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಅದರ ಜೊತೆಗೆ, ಹಳೆಯ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಿದರೆ ಇದ್ದ ಗೇರೂ ಹೋಗುತ್ತದೆ ಎನ್ನುತ್ತಾರೆ. ಅದು ನಿಜವೇ?

ಗೇರ್‌ಬಾಕ್ಸ್ ರಿಪೇರಿಯವರು

ಸ್ಟಾಲ್ ಟೆಸ್ಟ್ ಹಳೆಯ, ಗೌರವದ ಪರೀಕ್ಷೆಯೇ. ಆದರೆ ಈ ಕಾರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಆ ಸ್ಥಿತಿಯಲ್ಲಿ ಎಂಜಿನ್ನಿನ ಪೂರ್ತಿ ಶಕ್ತಿ ಟಾರ್ಕ್ ಕನ್ವರ್ಟರಿನ ಆಯಿಲಿನಲ್ಲಿ ಶಾಖವಾಗಿ ಕರಗುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಪಾಯ, ಬ್ರೇಕ್ ದುರ್ಬಲವಾಗಿದ್ದರೆ ಎದುರಿಗಿರುವವರ ಪ್ರಾಣಕ್ಕೇ ಅಪಾಯ. ಅದಲ್ಲದೆ, ಡಿ ಹಾಕಿ ನಿಂತಾಗ ಪರೀಕ್ಷೆಗೆ ಒಳಗಾಗುವುದು ಮೊದಲ ಗೇರಿನ ಎ ಮತ್ತು ಡಿ ಎಂಬ ಕ್ಲಚ್-ಬ್ರೇಕುಗಳು ಮಾತ್ರ. ನಮ್ಮ ಅನುಮಾನ ಇರುವುದು ಬಿ ಮೇಲೆ. ರಿವರ್ಸಿನಲ್ಲಿ ಮಾಡಿದರೆ ಬಿ ಸಿಗುತ್ತದೆ, ಆದರೆ ಜಾರುತ್ತಿರುವ ಕ್ಲಚ್ಚನ್ನು ಬೇಕೆಂದೇ ಸುಟ್ಟಂತಾಗುತ್ತದೆ. ಅನುಪಾತದ ಕೋಡ್ ಕೈಯಲ್ಲಿರುವಾಗ ಅದರ ಅಗತ್ಯವೇ ಇಲ್ಲ. ಡ್ಯುಯಲ್ ಕ್ಲಚ್ ಅಥವಾ ಎಎಂಟಿ ಕಾರುಗಳಲ್ಲಂತೂ ಈ ಪರೀಕ್ಷೆ ಮಾಡಲೇಬಾರದು.

ಆಯಿಲಿನ ವಿಷಯದಲ್ಲಿ ಕೇಳಿಬರುವ ಮಾತಿಗೆ ಒಂದು ಹಿನ್ನೆಲೆ ಇದೆ. ಗೇರ್ ಸ್ಲಿಪ್ ಆಗಲು ಶುರುವಾಗಿ, ಆಯಿಲ್ ಕಪ್ಪಾದ ಮೇಲೆ ಕೊನೆಯ ಪ್ರಯತ್ನವಾಗಿ ಬದಲಾಯಿಸುವವರೇ ಹೆಚ್ಚು. ಅಂಥ ಗೇರ್‌ಬಾಕ್ಸಿನ ಕ್ಲಚ್ ಮೊದಲೇ ಮುಗಿದಿರುತ್ತದೆ, ಅಪವಾದ ಮಾತ್ರ ಹೊಸ ಆಯಿಲಿಗೆ ಬರುತ್ತದೆ. ಸುಟ್ಟಿರದ ಆಯಿಲನ್ನು ಸರಿಯಾದ ದರ್ಜೆಯ ಆಯಿಲಿನಿಂದ ಬದಲಾಯಿಸಿದ್ದಕ್ಕೆ ಗೇರ್‌ಬಾಕ್ಸ್ ಹಾಳಾಗುವುದಿಲ್ಲ. ಪ್ಯಾನಿನಿಂದ ಇಳಿಸಿದರೆ ಅರ್ಧಕ್ಕಿಂತ ಕಡಿಮೆ ಆಯಿಲ್ ಹೊರಬರುವುದೇ ಸಾಮಾನ್ಯ, ಮಿಕ್ಕದ್ದು ಕನ್ವರ್ಟರ್ ಮತ್ತು ಕೂಲರಿನಲ್ಲಿ ಉಳಿಯುತ್ತದೆ ಎಂಬುದು ನೆನಪಿರಲಿ. ಸಿವಿಟಿ ಆಯಿಲ್ ಬೇರೆ, ಡ್ಯುಯಲ್ ಕ್ಲಚ್ ಆಯಿಲ್ ಬೇರೆ, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ಕಿಗೆ ಹಾಕುವ ಎಟಿಎಫ್ ಬೇರೆ. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ.

ಆಟೋ ಎಲೆಕ್ಟ್ರಿಷಿಯನ್

ಇಲ್ಲಿ ಓದುವ ಎಎಂಟಿ ಕಾರಿನವರಿಗೆ ಒಂದು ಮಾತು. ನಿಮ್ಮದು ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ವಾಲುವುದು ಅದರ ಸ್ವಭಾವ, ದೋಷವಲ್ಲ. ಗೇರ್ ಹಾಕದೆ ನ್ಯೂಟ್ರಲ್ಲಿಗೆ ಬರುವುದು ದೋಷ. ಅಲ್ಲಿ ಬ್ಯಾಟರಿ, ಆಕ್ಚುಯೇಟರ್, ಕ್ಲಚ್ ಸವೆತ, ಈ ಕ್ರಮದಲ್ಲಿ ನೋಡಿ. ಮೇಲೆ ಹೇಳಿದ ಕ್ಲಚ್ ಪಟ್ಟಿಯ ವಿಚಾರ ನಿಮಗೆ ಅನ್ವಯಿಸುವುದಿಲ್ಲ.

ಕಾರಿನ ಮಾಲೀಕರು

ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಬೇರೊಂದು ಕಡೆ ತೋರಿಸಿದೆ. ನಮ್ಮ ಗೇರ್‌ಬಾಕ್ಸಿನ ಕ್ಲಚ್ ಜೋಡಣೆಯೂ ಮೇಲೆ ಬರೆದಂತೆಯೇ ಇದೆ ಎಂದು ಅವರು ಕೈಪಿಡಿ ತೆರೆದು ತೋರಿಸಿದರು. ಅಡಾಪ್ಟೇಷನ್ ಅಂಕಿಗಳಲ್ಲಿ ಬಿ ಒಂದೇ ಮಿತಿ ಮುಟ್ಟಿತ್ತು, ಮಿಕ್ಕ ನಾಲ್ಕೂ ಸೊನ್ನೆಯ ಹತ್ತಿರದಲ್ಲಿದ್ದವು. ಪ್ಯಾನ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಮ್ಯಾಗ್ನೆಟ್ಟುಗಳ ಮೇಲೆ ಬೆರಳಿನಿಂದ ಒರೆಸಿದರೆ ಮೆತ್ತಗೆ ಹರಡುವ ಬೂದು ಬಣ್ಣದ ಪೇಸ್ಟ್ ಇತ್ತೇ ಹೊರತು ಕಣಗಳು ಬೆರಳಿಗೆ ಚುಚ್ಚಲಿಲ್ಲ, ಕಪ್ಪು ಲೈನಿಂಗಿನ ಚೂರುಗಳೂ ಇರಲಿಲ್ಲ.

ವಾಲ್ವ್ ಬಾಡಿ ಇಳಿಸಿದ ಮೇಲೆ, ಅದಕ್ಕೂ ಗೇರ್‌ಬಾಕ್ಸಿನ ಕೇಸಿಗೂ ನಡುವೆ ಆಯಿಲ್ ದಾಟಿಸುವ ರಬ್ಬರ್ ಸೀಲುಗಳನ್ನು ಹೊರತೆಗೆದು ತೋರಿಸಿದರು. ಹೊಸದನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳೆಯದರ ಅಂಚು ಚಪ್ಪಟೆಯಾಗಿ ಕುಗ್ಗಿತ್ತು, ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿತ್ತು. ಆಮೇಲೆ ಬಿ ಕ್ಲಚ್ಚಿನ ದಾರಿಗೆ ಕಂಪ್ರೆಸರಿನ ಗಾಳಿ ಕೊಟ್ಟಾಗ ಒಳಗಿನಿಂದ ದಪ್ಪನೆಯ ಒಂದೇ ಒಂದು ಶಬ್ದ ಬಂದು ಗಾಳಿ ನಿಂತಿತು, ಸೋರುವ ಸದ್ದು ಬಹಳ ಕಡಿಮೆ. ಪಿಸ್ಟನ್ ಚಲಿಸುತ್ತಿದೆ, ಅದರ ಸೀಲ್ ಹಿಡಿಯುತ್ತಿದೆ, ಆದ್ದರಿಂದ ಇನ್ನೂ ಒಳಕ್ಕೆ ಬಿಚ್ಚುವ ಅಗತ್ಯ ಕಾಣುವುದಿಲ್ಲ ಎಂದರು. ಸೀಲುಗಳನ್ನೆಲ್ಲ ಬದಲಾಯಿಸಿ, ಬಿ ಕ್ಲಚ್ಚಿನ ಸೊಲೆನಾಯ್ಡನ್ನೂ ಹೊಸದು ಹಾಕಿ, ಫಿಲ್ಟರ್ ಮತ್ತು ಆಯಿಲ್ ಬದಲಾಯಿಸಿದ್ದಾರೆ. ರಿವರ್ಸ್ ಈಗ ಒಂದು ಸೆಕೆಂಡಿನೊಳಗೆ ಹಿಡಿಯುತ್ತದೆ. ಮೂರನೇ ಗೇರ್ ಮಾತ್ರ ಈಗಲೂ ಕೆಲವೊಮ್ಮೆ ಒರಟಾಗಿ ಬೀಳುತ್ತಿದೆ. ಇದು ಚಿಂತಿಸಬೇಕಾದ ಸಂಗತಿಯೇ?

ಗೇರ್‌ಬಾಕ್ಸ್ ರಿಪೇರಿಯವರು

ತುಂಬಾ ಸಂತೋಷವಾಯಿತು. ನಿಮ್ಮ ಕಾರನ್ನು ನೋಡಿದವರು ಕ್ರಮಬದ್ಧವಾಗಿ ಕೆಲಸ ಮಾಡಿದ್ದಾರೆ, ಅವರಿಗೂ ನನ್ನ ಮೆಚ್ಚುಗೆ ತಿಳಿಸಿ.

ಒರಟುತನಕ್ಕೆ ಕಾರಣ ಹಳೆಯ ಅಡಾಪ್ಟೇಷನ್ ಇರಬೇಕು. ಸೋರಿಕೆಯನ್ನು ಸರಿದೂಗಿಸಲು ಕಂಪ್ಯೂಟರ್ ಬಿ ಕ್ಲಚ್ಚಿಗೆ ಹೆಚ್ಚು ಆಯಿಲ್ ಕೊಡಲು ಕಲಿತಿತ್ತು; ಈಗ ಸೋರಿಕೆ ನಿಂತಿದ್ದರೂ ಅಷ್ಟೇ ಕೊಡುತ್ತಿರುವುದರಿಂದ ಕ್ಲಚ್ ಬಲವಾಗಿ ಬಡಿಯುತ್ತದೆ. ಸ್ಕ್ಯಾನರಿನಿಂದ ಅಡಾಪ್ಟೇಷನ್ ಅಳಿಸಿದ್ದಾರೆಯೇ ಎಂದು ಕೇಳಿ, ಇಲ್ಲದಿದ್ದರೆ ಅಳಿಸಲು ಹೇಳಿ. ಆಮೇಲೆ ಆಯಿಲ್ ಓಡಾಟದ ಬಿಸಿಗೆ ಬಂದ ಮೇಲೆ, ಆಕ್ಸಿಲರೇಟರನ್ನು ಕಾಲು ಭಾಗದಷ್ಟು ಮಾತ್ರ ಒತ್ತಿ ನಿಂತಲ್ಲಿಂದ ಆರನೇ ಗೇರಿನವರೆಗೆ ನಿಧಾನವಾಗಿ ಹೋಗಿ, ಬ್ರೇಕ್ ಹೆಚ್ಚು ಬಳಸದೆ ತಾನಾಗಿಯೇ ವೇಗ ಇಳಿಯಲು ಬಿಟ್ಟು ನಿಲ್ಲಿಸಿ, ಇದನ್ನೇ ಹಲವು ಸಲ ಮಾಡಿ. ನಿಂತಲ್ಲಿ ಬ್ರೇಕ್ ಹಿಡಿದು ಎನ್ ನಿಂದ ಡಿ ಗೆ, ಎನ್ ನಿಂದ ಆರ್ ಗೆ, ಪ್ರತಿ ಸಲ ಕೆಲವು ಸೆಕೆಂಡು ಬಿಟ್ಟು ಹಾಕಿ. ಕೆಲವು ಕಾರುಗಳಲ್ಲಿ ಈ ಕಲಿಕೆಯನ್ನು ಸ್ಕ್ಯಾನರಿನ ಮೂಲಕವೇ ಚಾಲೂ ಮಾಡಬೇಕಾಗುತ್ತದೆ, ಅದನ್ನೂ ವಿಚಾರಿಸಿ.

ಒಂದಷ್ಟು ದಿನ ಓಡಿಸಿದ ಬಳಿಕ, ಆಯಿಲ್ ಚೆನ್ನಾಗಿ ಬಿಸಿಯಿರುವಾಗ ಬಿ ಕ್ಲಚ್ಚಿನ ಅಂಕಿಯನ್ನು ಇನ್ನೊಮ್ಮೆ ತೆಗೆಸಿ ಇಲ್ಲಿ ಬರೆಯಿರಿ. ಅದು ಉಳಿದ ನಾಲ್ಕರ ಹತ್ತಿರ ಬಂದು ನಿಂತಿದ್ದರೆ ಕೆಲಸ ಮುಗಿದಂತೆ. ಮತ್ತೆ ಮಿತಿಯ ಕಡೆಗೆ ಏರುತ್ತಿದ್ದರೆ ಪ್ಲೇಟುಗಳೂ ಸ್ವಲ್ಪ ಸವೆದಿವೆ ಎಂದು ತಿಳಿದು, ಲಿಂಪ್ ಮೋಡಿಗೆ (ಕಾರು ಒಂದೇ ಗೇರಿನಲ್ಲಿ ನಿಂತುಬಿಡುವ ಸ್ಥಿತಿಗೆ) ಹೋಗುವ ಮೊದಲೇ ಗೇರ್‌ಬಾಕ್ಸ್ ಇಳಿಸಿ ಆ ಒಂದು ಕ್ಲಚ್ ಪ್ಯಾಕನ್ನು ಬದಲಾಯಿಸುವುದು ಸರಿಯಾದ ದಾರಿ.